ದೈತ್ಯ ಯಂತ್ರದ ಚಾಲಕರು

1980ರ ದಶಕದಲ್ಲಿ ದೂರದರ್ಶನ ನೋಡಿ ಬೆಳೆದವರಿಗೆ ಜಪಾನಿನ ‘ಜಯಂಟ್ ರೋಬಾಟ್’ ಧಾರಾವಾಹಿ ನೆನಪಿರುತ್ತದೆ. ಹುಡುಗನೊಬ್ಬ ಕೈಗಡಿಯಾರಕ್ಕೆ ಬಾಯಿಟ್ಟು ಹೇಳಿದರೆ ಸಾಕು, ಮುಗಿಲೆತ್ತರದ ಯಂತ್ರ ಹೇಳಿದಂತೆ ಕೇಳುತ್ತಿತ್ತು. ಈ ಅಧ್ಯಾಯದಲ್ಲಿ ಬರುವ ವಿಡಿಯೋ ಗೇಮ್‌ಗಳಲ್ಲಿ ಅಂಥ ಸಲೀಸು ಇಲ್ಲ. ಇಲ್ಲಿ ಆಡುವವರೇ ಯಂತ್ರದೊಳಗೆ ಕುಳಿತು, ಅದರ ಕಾಲು ಎತ್ತಿಸಿ, ಮೈ ತಿರುಗಿಸಿ, ಗುರಿ ಹಿಡಿದು ನಡೆಸಬೇಕು. ಇವು ದೈತ್ಯ ರೋಬಾಟ್ ಸಿಮ್ಯುಲೇಷನ್ ಆಟಗಳು. ಆಡುವವರ ಬಾಯಲ್ಲಿ ಆ ಯಂತ್ರದ ಹೆಸರು ‘ಮೆಕ್’.

ಭಾರ ಮತ್ತು ಬಿಸಿ

ಅಮೆರಿಕದ ಫಾಸಾ ಕಂಪನಿ 1984ರಲ್ಲಿ ಮೇಜಿನ ಮೇಲೆ ಆಡುವ ಒಂದು ಯುದ್ಧದ ಆಟವನ್ನು ತಂದಿತು. ಮುಂದೆ ಅದು ‘ಬ್ಯಾಟಲ್‌ಟೆಕ್’ ಎಂದು ಹೆಸರಾಯಿತು. ಅದರ ಲೋಕವನ್ನೇ ಇಟ್ಟುಕೊಂಡು ಡೈನಮಿಕ್ಸ್ ಸಂಸ್ಥೆ ರೂಪಿಸಿದ ‘ಮೆಕ್‌ವಾರಿಯರ್’ 1989ರಲ್ಲಿ ಕಂಪ್ಯೂಟರಿಗೆ ಬಂತು. ಈ ಬಗೆಯ ಆಟಗಳ ಮುಖ್ಯ ಕವಲು ಹೊರಟಿದ್ದು ಅಲ್ಲಿಂದ.

ಈ ಕವಲಿನ ಮೆಕ್‌ಗಳು 20 ಟನ್ನಿನಿಂದ 100 ಟನ್ನಿನವರೆಗೆ ತೂಗುತ್ತವೆ. ಕಾಲು ಒಂದು ದಿಕ್ಕಿಗೆ ನಡೆಯುತ್ತಿರುವಾಗಲೇ ಸೊಂಟದ ಮೇಲಿನ ಭಾಗವನ್ನು ಇನ್ನೊಂದು ದಿಕ್ಕಿಗೆ ತಿರುಗಿಸಬಹುದು. ಸರಕು ತುಂಬಿದ ಲಾರಿಯಂತೆ ದೊಡ್ಡ ಮೆಕ್ ಥಟ್ಟನೆ ನಿಲ್ಲುವುದಿಲ್ಲ, ಥಟ್ಟನೆ ತಿರುಗುವುದೂ ಇಲ್ಲ. ಲೇಸರ್ ಹಾರಿಸಿದಷ್ಟೂ ಯಂತ್ರ ಕಾಯುತ್ತದೆ. ಮಿತಿ ಮೀರಿದರೆ ಶತ್ರುವಿನ ಎದುರಿಗೇ ಆಫ್ ಆಗಿ ನಿಲ್ಲುತ್ತದೆ. ನೀರಿಗಿಳಿದರೆ ಬೇಗ ತಣಿಯುತ್ತದೆ. ಕಾಲಿಗೆ ಪೆಟ್ಟು ಬಿದ್ದರೆ ಕುಂಟುತ್ತದೆ. ಯುದ್ಧಕ್ಕೆ ಮೊದಲು ತೂಕದ ಲೆಕ್ಕ ಹಾಕಿ ಆಯುಧ, ಕವಚ, ಬಿಸಿ ಇಳಿಸುವ ಸಾಧನಗಳನ್ನು ಹೊಂದಿಸಿಕೊಳ್ಳಬೇಕು. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ಕಡಿಮೆ ಮಾಡಲೇಬೇಕು. ಬೆರಳಿನ ಚುರುಕಿಗಿಂತ ಯಂತ್ರದ ಸ್ವಭಾವ ಅರಿತ ತಾಳ್ಮೆಗೆ ಇಲ್ಲಿ ಬೆಲೆ. ಈ ಆಟದ ರುಚಿ ಇರುವುದೇ ಆ ಕಷ್ಟದಲ್ಲಿ.

ಏರಿದ ಕಾಲ

1990ರಲ್ಲಿ ಷಿಕಾಗೋದಲ್ಲಿ ಬ್ಯಾಟಲ್‌ಟೆಕ್ ಸೆಂಟರ್ ತೆರೆಯಿತು. ಅಲ್ಲಿ ಟಿಕೆಟ್ ಕೊಂಡವರು ಮುಚ್ಚಿದ ಗೂಡಿನಂಥ ಕಾಕ್‌ಪಿಟ್‌ನಲ್ಲಿ ಕೂರುತ್ತಿದ್ದರು. ಕೈಗೆ ಜಾಯ್‌ಸ್ಟಿಕ್, ವೇಗಕ್ಕೆ ಥ್ರಾಟಲ್, ಕಾಲಿಗೆ ಪೆಡಲ್. ಪಕ್ಕದ ಗೂಡುಗಳಲ್ಲಿ ಕುಳಿತವರೇ ಎದುರಾಳಿಗಳು. ದುಬಾರಿ ಯಂತ್ರ ಒಂದೆಡೆ ಇತ್ತು, ಆಡುವವರು ಅದನ್ನು ಹಂಚಿಕೊಳ್ಳುತ್ತಿದ್ದರು.

1995ರ ‘ಮೆಕ್‌ವಾರಿಯರ್ 2’ ಈ ಅನುಭವವನ್ನು ಮನೆಗೆ ತಂದಿತು. 1999ರಲ್ಲಿ ಮೂರನೆಯದು, 2000ದಲ್ಲಿ ನಾಲ್ಕನೆಯದು ಬಂದವು. 2002ರಲ್ಲಿ ಜಪಾನಿನ ಕ್ಯಾಪ್‌ಕಾಮ್ ‘ಸ್ಟೀಲ್ ಬೆಟಾಲಿಯನ್’ ಆಟವನ್ನು ಸುಮಾರು 40 ಗುಂಡಿ, ಎರಡು ಹಿಡಿಕೋಲು, ಮೂರು ಪೆಡಲ್ ಇರುವ ಫಲಕದ ಜೊತೆಗೇ ಮಾರಿತು. ಯಂತ್ರ ಸಿಡಿಯುವ ಮುನ್ನ ಹೊರಕ್ಕೆ ಹಾರುವ ಗುಂಡಿ ಒತ್ತದಿದ್ದರೆ ಚಾಲಕ ಸತ್ತಂತೆ. ಅಲ್ಲಿಯವರೆಗೆ ಉಳಿಸಿಟ್ಟ ಆಟವೂ ಅಳಿಸಿಹೋಗುತ್ತಿತ್ತು.

ವಿಜಯನಗರಕ್ಕೆ ಬಾರದ ಜಾಯ್‌ಸ್ಟಿಕ್

ಅದೇ ಹೊತ್ತಿಗೆ ಬೆಂಗಳೂರಿನ ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಹುಡುಗರು ಕಂಪ್ಯೂಟರ್ ಆಟ ಕಲಿಯುತ್ತಿದ್ದದ್ದು ಸೈಬರ್ ಕೆಫೆಗಳಲ್ಲಿ. ಗಂಟೆಗೆ ಇಷ್ಟು ಎಂದು ದುಡ್ಡು ಕೊಟ್ಟು, ಗೆಳೆಯರ ಜೊತೆ ಕೌಂಟರ್ ಸ್ಟ್ರೈಕ್ ಎಂಬ ಗುಂಡು ಹಾರಿಸುವ ಆಟ ಆಡುವ ಕಾಲ ಅದು. ಅಲ್ಲಿನ ಮೇಜಿನ ಮೇಲೆ ಇರುತ್ತಿದ್ದದ್ದು ಕೀಬೋರ್ಡ್, ಮೌಸ್ ಮಾತ್ರ. ಕೌಂಟರ್ ಸ್ಟ್ರೈಕ್‌ನ ಒಂದು ಸುತ್ತು ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸೋತರೂ ಮರುಸುತ್ತು ಕಾದಿರುತ್ತದೆ. ಮೆಕ್ ಆಟದಲ್ಲಾದರೋ ನಡೆಯುವುದನ್ನು ಕಲಿಯುವಷ್ಟರಲ್ಲೇ ಕೊಟ್ಟ ದುಡ್ಡಿನ ಹೊತ್ತು ಮುಗಿಯುತ್ತದೆ. ಯಂತ್ರವನ್ನು ಹಂಚಿಕೊಂಡು ಆಡುವ ಅಭ್ಯಾಸ ಇಲ್ಲಿನ ಬೀದಿಗಳಲ್ಲಿ ಚೆನ್ನಾಗಿಯೇ ಬೇರೂರಿತ್ತು. ಇಲ್ಲದಿದ್ದದ್ದು ಈ ಆಟಕ್ಕೆ ಬೇಕಾದ ಸಲಕರಣೆ.

ಇಳಿದದ್ದೇಕೆ?

ಸಲಕರಣೆಯ ಕೊರತೆ ಜಗತ್ತಿನ ಉಳಿದೆಡೆಯೂ ಬಂತು. 1990ರ ದಶಕದಲ್ಲಿ ವಿಮಾನದ ಆಟಗಳ ದೆಸೆಯಿಂದ ಜಾಯ್‌ಸ್ಟಿಕ್ ಅನೇಕ ಮನೆಗಳ ಕಂಪ್ಯೂಟರಿನಲ್ಲಿತ್ತು. ಆ ಆಟಗಳ ಬೇಡಿಕೆ ಕುಗ್ಗಿ, ಮೌಸ್‌ನಿಂದ ಗುಂಡು ಹಾರಿಸುವ ಆಟಗಳು ಮುಂದೆ ಬಂದಾಗ ಅದು ಮೇಜಿನಿಂದ ಇಳಿಯಿತು. ಆಟಗಾರರು ಟಿವಿಗೆ ಜೋಡಿಸುವ ಕನ್ಸೋಲ್ ಕಡೆ ಹೋದರು. 2002ರ ‘ಮೆಕ್‌ಅಸಾಲ್ಟ್’ ಅವರಿಗೆಂದೇ ಸರಳವಾಗಿ, ವೇಗವಾಗಿ ರೂಪುಗೊಂಡಿತು. ರೋಬಾಟ್ ಉಳಿಯಿತು, ಅದನ್ನು ನಡೆಸುವ ಕಷ್ಟಸುಖ ಕರಗಿತು.

ಡೈನಮಿಕ್ಸ್ 2001ರಲ್ಲಿ, ಮೈಕ್ರೋಸಾಫ್ಟ್ ಕೈಯಲ್ಲಿದ್ದ ಫಾಸಾ ಸ್ಟುಡಿಯೋ 2007ರಲ್ಲಿ ಮುಚ್ಚಿದವು. ಕೆಲವು ಮೆಕ್‌ಗಳ ಚಿತ್ರದ ಹಕ್ಕು ಯಾರದೆಂಬ ಕಾನೂನು ಜಗಳವೂ ಹೊಸ ಪ್ರಯತ್ನಗಳ ಕಾಲಿಗೆ ತೊಡಕಾಯಿತು. 2012ರ ‘ಸ್ಟೀಲ್ ಬೆಟಾಲಿಯನ್: ಹೆವಿ ಆರ್ಮರ್’ ಗುಂಡಿ ಫಲಕವನ್ನು ಬಿಟ್ಟು, ಗಾಳಿಯಲ್ಲಿ ಕೈಯಾಡಿಸುವುದನ್ನು ಕ್ಯಾಮೆರಾ ಗುರುತಿಸುವ ಕೈನೆಕ್ಟ್ ನಂಬಿತು. ಸನ್ನೆ ಸರಿಯಾಗಿ ಗುರುತಾಗದೆ ಅದು ಸೋತಿತು. ಇಂಟರ್ನೆಟ್ಟನ್ನೇ ನೆಚ್ಚಿದ ಆಟಗಳಿಗೆ ಇನ್ನೊಂದು ಅಪಾಯ ಇತ್ತು: ಸರ್ವರ್ ನಿಂತರೆ ಆಟವೂ ನಿಲ್ಲುತ್ತದೆ. ‘ಕ್ರೋಮ್‌ಹೌಂಡ್ಸ್’ 2010ರಲ್ಲಿ, ಕಂಪ್ಯೂಟರಿನ ‘ಹಾಕೆನ್’ 2018ರಲ್ಲಿ ಹೀಗೆ ನಿಂತವು.

ಮರಳಿ ಬಂದದ್ದು ಎಷ್ಟು?

ಮರಳಿಕೆಗೆ ಮೊದಲ ಬಂಡವಾಳ ಹಾಕಿದವರು ಆಟಗಾರರೇ. ಕೆನಡಾದ ಪಿರಾನಾ ಗೇಮ್ಸ್ ಆಟಗಾರರಿಂದ ಮುಂಗಡ ಹಣ ಪಡೆದು, 2013ರಲ್ಲಿ ‘ಮೆಕ್‌ವಾರಿಯರ್ ಆನ್‌ಲೈನ್’ ತಂದಿತು. ಮೇಜಿನ ಮೇಲಿನ ಮೂಲ ಬ್ಯಾಟಲ್‌ಟೆಕ್ ಆಟವನ್ನು ಕಟ್ಟಿದವರಲ್ಲಿ ಒಬ್ಬರಾದ ಜೋರ್ಡನ್ ವೈಸ್‌ಮನ್ ಅವರ ತಂಡ 2015ರಲ್ಲಿ ಜನರಿಂದ 27 ಲಕ್ಷ ಡಾಲರಿಗೂ ಹೆಚ್ಚು ಸಂಗ್ರಹಿಸಿ, 2018ರಲ್ಲಿ ಸರದಿಯಂತೆ ನಡೆ ಇಡುವ ‘ಬ್ಯಾಟಲ್‌ಟೆಕ್’ ಆಟವನ್ನು ಹೊರತಂದಿತು. 2019ರಲ್ಲಿ ‘ಮೆಕ್‌ವಾರಿಯರ್ 5’, 2024ರಲ್ಲಿ ಅದೇ ಸರಣಿಯ ‘ಕ್ಲ್ಯಾನ್ಸ್’ ಬಂದವು. ಜಪಾನಿನ ಫ್ರಮ್‌ಸಾಫ್ಟ್‌ವೇರ್ 2023ರಲ್ಲಿ ತಂದ ‘ಆರ್ಮರ್ಡ್ ಕೋರ್ 6’ ವರ್ಷದೊಳಗೆ 30 ಲಕ್ಷ ಪ್ರತಿಗಳಷ್ಟು ಮಾರಾಟವಾಯಿತು.

ಈ ಕೊನೆಯದನ್ನು ಸಿಮ್ಯುಲೇಷನ್ ಎನ್ನಲಾಗದು. ಅದರ ಯಂತ್ರಗಳು ಹಾರುತ್ತವೆ, ಜಾರುತ್ತವೆ, ಕಣ್ಣು ಮಿಟುಕಿಸುವುದರಲ್ಲಿ ದಿಕ್ಕು ಬದಲಿಸುತ್ತವೆ. ಅದರ ಗೆಲುವಿನಿಂದ ತಿಳಿಯುವುದು ಒಂದೇ: ದೈತ್ಯ ರೋಬಾಟ್ ಮೇಲಿನ ಜನರ ಪ್ರೀತಿ ಬತ್ತಿಲ್ಲ. ಯಂತ್ರವನ್ನು ಇಡಿಯಾಗಿ ನಡೆಸುವ ಅನುಭವಕ್ಕೆ ಕೈಗೂ ಕಾಲಿಗೂ ಸಿಗುವ ಸಲಕರಣೆ ಬೇಕು. ಮರಳಿಕೆ ಇನ್ನೂ ಅರ್ಧಕ್ಕೆ ನಿಂತಿರುವುದು ಅಲ್ಲಿಯೇ.

ನಮ್ಮ ಪಾಲು

ಬೆಂಗಳೂರಿಗೆ ಗೇಮ್ ಕಟ್ಟುವ ಕೆಲಸ ಹೊಸದಲ್ಲ. ರಾಜೇಶ್ ರಾವ್ 1997ರಲ್ಲಿ ಇಲ್ಲಿ ಆರಂಭಿಸಿದ ಧ್ರುವ ಇಂಟರಾಕ್ಟಿವ್ ದೇಶದ ಮೊದಲ ಗೇಮ್ ಸ್ಟುಡಿಯೋಗಳಲ್ಲಿ ಒಂದು. ಹೊರದೇಶದ ದೊಡ್ಡ ಆಟಗಳಿಗೆ ಚಿತ್ರ, ಮಾದರಿಗಳನ್ನು ಮಾಡಿಕೊಟ್ಟ ಅದು 2019ರಲ್ಲಿ ರಾಕ್‌ಸ್ಟಾರ್ ಗೇಮ್ಸ್ ಪಾಲಾಯಿತು. ಅನಿಮೇಷನ್ ಮತ್ತು ಗೇಮಿಂಗ್‌ಗೆಂದು ಕರ್ನಾಟಕ ಸರ್ಕಾರ 2012ರಲ್ಲೇ ನೀತಿ ರೂಪಿಸಿತು.

ಪಶ್ಚಿಮ ಬೆಂಗಳೂರಿನ ಬಲ ಸಾಫ್ಟ್‌ವೇರ್‌ನಲ್ಲಿ ಮಾತ್ರ ಇಲ್ಲ. ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟ್, ಕಾಮಾಕ್ಷಿಪಾಳ್ಯ, ಅತ್ತ ಪೀಣ್ಯದ ಸಣ್ಣ ವರ್ಕ್‌ಶಾಪ್‌ಗಳಲ್ಲಿ ಲೇತ್, ಮಿಲ್ಲಿಂಗ್, ಶೀಟ್ ಮೆಟಲ್ ಕೆಲಸ ಬಲ್ಲ ಕೈಗಳಿವೆ. ಕೆಂಗೇರಿ, ಮೈಸೂರು ರಸ್ತೆಯ ಆಸುಪಾಸು ಎಂಜಿನಿಯರಿಂಗ್ ಕಾಲೇಜುಗಳಿವೆ. ಕಾಕ್‌ಪಿಟ್ ಒಂದಕ್ಕೆ ಬೇಕಾದದ್ದು ಗಟ್ಟಿ ಕುರ್ಚಿ, ಸ್ಪ್ರಿಂಗ್ ಕೂರಿಸಿದ ಪೆಡಲ್, ಹಿಡಿಕೋಲಿನ ತಳದಲ್ಲಿ ಅಯಸ್ಕಾಂತ ಮತ್ತು ಅದರ ಚಲನೆ ಅಳೆಯುವ ಹಾಲ್ ಸೆನ್ಸರ್. ಉಜ್ಜಾಟವಿಲ್ಲದ್ದರಿಂದ ಈ ಸೆನ್ಸರ್ ಹಳೆಯ ಪೊಟೆನ್ಷಿಯೋಮೀಟರಿನಂತೆ ಸವೆಯುವುದಿಲ್ಲ. ಆರ್ಡುಯಿನೋ ಲಿಯೊನಾರ್ಡೋದಂಥ ಚಿಕ್ಕ ಬೋರ್ಡ್ ಇವೆಲ್ಲವನ್ನೂ ಓದಿ, ಕಂಪ್ಯೂಟರಿಗೆ ತಾನೊಂದು ಯುಎಸ್‌ಬಿ ಜಾಯ್‌ಸ್ಟಿಕ್ ಎಂದು ತೋರಿಸಿಕೊಳ್ಳಬಲ್ಲದು. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗೆ ಮೀರಿದ ಕೆಲಸ ಇದಲ್ಲ. ಇದರಲ್ಲಿ ಯಂತ್ರಶಾಸ್ತ್ರ, ಎಲೆಕ್ಟ್ರಾನಿಕ್ಸ್, ಪ್ರೋಗ್ರಾಮಿಂಗ್ ಮೂರೂ ಕೈಗೂಡುತ್ತವೆ.

ಮನೆಗೊಂದು ಕಾಕ್‌ಪಿಟ್ ಬೇಕಿಲ್ಲ. ಷಿಕಾಗೋದಲ್ಲಿ ನಡೆದದ್ದೂ ವಿಜಯನಗರದ ಕೆಫೆಗಳಲ್ಲಿ ನಡೆದದ್ದೂ ಹಂಚಿಕೊಂಡ ಆಟವೇ. ಕಾಲೇಜಿನ ಲ್ಯಾಬ್‌ನಲ್ಲೋ ಬಡಾವಣೆಯ ಗೇಮಿಂಗ್ ಸೆಂಟರ್‌ನಲ್ಲೋ ಇಂಥ ಎರಡು ಕುರ್ಚಿ ಎದುರುಬದುರು ನಿಂತರೆ ಆಟ ಶುರುವಾಗಲು ಸಾಕು. ಈ ಹೊತ್ತಿಗೆ ಓದುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿಗಳು ಮುಂದಿನ ಪ್ರಾಜೆಕ್ಟ್‌ಗೆ ವಿಷಯ ಹುಡುಕುತ್ತಿದ್ದರೆ, ಹತ್ತಿರದ ವರ್ಕ್‌ಶಾಪ್‌ನ ಮೇಸ್ತ್ರಿಯನ್ನು ಒಮ್ಮೆ ಮಾತಾಡಿಸಿ. ಒಂದು ಪೆಡಲ್, ಒಂದು ಹಿಡಿಕೋಲು ಮಾಡಿ ನೋಡಿ. ಮಿಕ್ಕದ್ದನ್ನು ಅದೇ ಕಲಿಸುತ್ತದೆ.