ಹಾಜರಾತಿ, ಮಳೆ ಮತ್ತು ಕಾಫಿ ಕೊಯ್ಲು: ಪ್ರಾಂಶುಪಾಲರ ಮಾತು

 

ಈ ವರ್ಷ ಕಾಲೇಜಿನ ಹೊಣೆ ವಹಿಸಿಕೊಂಡ ಮೊದಲ ವಾರದಲ್ಲಿ ಪ್ರತಿ ತರಗತಿಗೂ ಚೀಟಿ ಹಂಚಿ, ‘ಕಾಲೇಜಿನಿಂದ ನಿಮ್ಮ ನಿರೀಕ್ಷೆ ಏನು?’ ಎಂದು ಕೇಳಿದ್ದೆ. ಹೆಸರು ಬರೆಯಬೇಕಿಲ್ಲ ಎಂದಿದ್ದರಿಂದ ನೀವು ಮನಸ್ಸು ಬಿಚ್ಚಿ ಬರೆದಿರಿ. ಗ್ರಂಥಾಲಯದ ಸಮಯ, ಕುಡಿಯುವ ನೀರು, ಕನ್ನಡ ಮಾಧ್ಯಮದಿಂದ ಬಂದವರಿಗೆ ಲೆಕ್ಕಶಾಸ್ತ್ರದ ಇಂಗ್ಲಿಷ್ ಪದಗಳ ಕಷ್ಟ, ಎಲ್ಲವೂ ಅದರಲ್ಲಿದ್ದವು. ಆದರೆ ಅತಿ ಹೆಚ್ಚು ಚೀಟಿಗಳಲ್ಲಿದ್ದ ಮಾತು ಒಂದೇ: ‘ಹಾಜರಾತಿ ಕಡಿಮೆಯಾದರೆ ಅಡ್ಜಸ್ಟ್ ಮಾಡಿ ಸರ್.’

ಇದೊಂದನ್ನು ನಾನು ಮಾಡಲಾರೆ. ಏಕೆಂದು ವಿವರಿಸುತ್ತೇನೆ.

ಪಿಯು ಪರೀಕ್ಷೆಗೆ ಕೂರಲು ಶೇ. 75 ಹಾಜರಾತಿ ಬೇಕು. ಇದು ನಮ್ಮ ಆಡಳಿತ ಮಂಡಳಿಯ ನಿಯಮವಲ್ಲ, ರಾಜ್ಯದ ಎಲ್ಲ ಪಿಯು ಕಾಲೇಜುಗಳಿಗೂ ಅನ್ವಯಿಸುವ ನಿಯಮ. ಬಾರದವರನ್ನು ಬಂದರೆಂದು ಬರೆದರೆ ಅದು ಸುಳ್ಳು ದಾಖಲೆ. ದಿನವೂ ನಡೆದು ಬಂದು ಬಸ್ ಹಿಡಿಯುವ ನಿಮ್ಮ ಪಕ್ಕದ ಬೆಂಚಿನವರಿಗೆ ಅದು ಅನ್ಯಾಯವೂ ಹೌದು.

ಕೊರತೆ ಹೇಗೆ ಬೀಳುತ್ತದೆ ನೋಡಿ. ಉದಾಹರಣೆಗೆ, ವರ್ಷದಲ್ಲಿ 200 ದಿನ ತರಗತಿ ನಡೆಯಿತು ಎಂದುಕೊಳ್ಳಿ. 150 ದಿನ ಬಂದರೆ ಸಾಕು, ಇನ್ನೂ 50 ದಿನ ಕೈಯಲ್ಲಿದೆ ಎನಿಸುತ್ತದೆ. ಮಳೆಗಾಲದಲ್ಲಿ ಬಸ್ ಬಾರದೆ 12 ದಿನ, ಕಾಫಿ ಕೊಯ್ಲಿಗೆ 22, ಮದುವೆ ಮುಂಜಿ, ನೆಂಟರ ಮನೆ ಎಂದು 10, ಜ್ವರಕ್ಕೆ 8. ಒಟ್ಟು 52. ಹಾಜರಾತಿ ಶೇ. 74. ಸೋಮಾರಿತನದಿಂದ ಒಂದು ದಿನವೂ ತಪ್ಪಿಸದ ಹುಡುಗಿ ಕೂಡ ಹೀಗೆ ಹೊರಗುಳಿಯಬಹುದು.

ಮಳೆ ರಜೆಯ ಬಗ್ಗೆಯೂ ಗೊಂದಲವಿದೆ. ಜಿಲ್ಲಾಡಳಿತ ರಜೆ ಘೋಷಿಸಿದ ದಿನ ತರಗತಿಯೇ ಇಲ್ಲ, ಹಾಗಾಗಿ ಅದು ಗೈರುಹಾಜರಿ ಅಲ್ಲ. ಆದರೆ ಕಾಲೇಜು ತೆರೆದಿದ್ದು, ಮರ ಬಿದ್ದು ನಿಮ್ಮೂರಿನ ರಸ್ತೆ ಮಾತ್ರ ಬಂದ್ ಆದರೆ ಆ ದಿನ ಲೆಕ್ಕಕ್ಕೆ ಬರುತ್ತದೆ. ಕಳಸ, ಬಾಳೂರು, ಕೊಟ್ಟಿಗೆಹಾರ ಕಡೆಯಿಂದ ಬರುವವರು ಇದನ್ನು ನೆನಪಿಡಬೇಕು. ಜೂನ್‌ನಿಂದ ಆಗಸ್ಟ್‌ವರೆಗೆ ನಿಮ್ಮ ಕೈ ಮೀರಿ ಕೆಲವು ದಿನ ಹೋಗಿಯೇ ಹೋಗುತ್ತವೆ. ಉಳಿದ ತಿಂಗಳುಗಳಲ್ಲಿ ಬಿಗಿಯಾಗಿರುವುದೊಂದೇ ದಾರಿ.

ಅಷ್ಟರಲ್ಲಿ ಕೊಯ್ಲು ಬರುತ್ತದೆ. ಅರೇಬಿಕಾ ನವೆಂಬರ್‌ನಿಂದ, ಅದರ ಹಿಂದೆಯೇ ರೋಬಸ್ಟಾ. ಪೂರ್ವಸಿದ್ಧತಾ ಪರೀಕ್ಷೆ, ಪ್ರಾಯೋಗಿಕ ಪರೀಕ್ಷೆಗಳು ಬರುವುದೂ ಆಗಲೇ. ಲೈನ್ ಮನೆಗಳಲ್ಲಿ ಆ ಕೂಲಿ ಎಷ್ಟು ಮುಖ್ಯ ಎಂದು ನನಗೆ ಗೊತ್ತು. ಆದ್ದರಿಂದ ಹೋಗಲೇಬೇಡಿ ಎನ್ನುವುದಿಲ್ಲ. ಭಾನುವಾರ, ರಜಾದಿನಗಳಲ್ಲಿ ಹೋಗಿ. ಅದಕ್ಕೂ ಮೀರಿದ ಕಷ್ಟವಿದ್ದರೆ ಮೊದಲೇ ನನಗೆ ಹೇಳಿ.

ಈಗ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆಯಲ್ಲ ಎಂದು ಕೆಲವರು ಕೇಳಿದ್ದಾರೆ. 2024ರಿಂದ ದ್ವಿತೀಯ ಪಿಯುಗೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ನಡೆಯುತ್ತಿರುವುದು ನಿಜ. ಅಂಕ ಉತ್ತಮಪಡಿಸಿಕೊಳ್ಳಲು ಅದು ಅವಕಾಶ, ತರಗತಿಗೆ ಬಾರದಿರಲು ಪರವಾನಗಿ ಅಲ್ಲ. ಪ್ರಯೋಗಾಲಯವಿಲ್ಲದ ವಿಷಯಗಳಲ್ಲೂ 20 ಆಂತರಿಕ ಅಂಕಗಳಿವೆ. ವರ್ಷವಿಡೀ ಕಾಣದವರಿಗೆ ಅವನ್ನು ಹೇಗೆ ಕೊಡುವುದು?

ನೀವು ನಮ್ಮಿಂದ ನಿರೀಕ್ಷಿಸಬಹುದಾದದ್ದು ಇಷ್ಟು. ಪ್ರತಿ ತಿಂಗಳ ಮೊದಲ ವಾರ ನಿಮ್ಮ ಹಾಜರಾತಿ ನಿಮಗೆ ತಿಳಿಯುತ್ತದೆ. ಸತತ ಮೂರು ದಿನ ಬಾರದಿದ್ದರೆ ಮನೆಗೆ ಫೋನ್ ಬರುತ್ತದೆ. ಬ್ಯಾರಿ, ಉರ್ದು, ತುಳು ಬಲ್ಲ ಉಪನ್ಯಾಸಕರು ನಮ್ಮಲ್ಲಿದ್ದಾರೆ, ತಂದೆತಾಯಿ ತಮ್ಮ ಮನೆಮಾತಿನಲ್ಲೇ ಮಾತನಾಡಲಿ. ಮಳೆಯಿಂದ ತಪ್ಪಿದ ಪಾಠಗಳಿಗೆ ಶನಿವಾರ ಮಧ್ಯಾಹ್ನ ತರಗತಿ ಇರುತ್ತದೆ. ಶುಲ್ಕ ಬಾಕಿ ಇದೆಯೆಂದು ತರಗತಿಯಲ್ಲಿ ಯಾರ ಹೆಸರನ್ನೂ ಕರೆಯುವುದಿಲ್ಲ. ಸಹೋದ್ಯೋಗಿಗಳು ಇದಕ್ಕೆ ಒಪ್ಪಿದ್ದಾರೆ, ಅವರಿಗೆ ನಾನು ಋಣಿ.

ನಾನು ನಿಮ್ಮಿಂದ ನಿರೀಕ್ಷಿಸುವುದು ಒಂದೇ. ತೊಂದರೆ ಬಂದಾಗ ಸುಮ್ಮನೆ ಬರುವುದನ್ನು ನಿಲ್ಲಿಸಬೇಡಿ. ಡಿಸೆಂಬರ್‌ನಲ್ಲಿ ಬಂದು ಹೇಳಿದರೆ ಏನಾದರೂ ಮಾಡಬಹುದು. ಹಾಲ್ ಟಿಕೆಟ್ ಬರುವ ಹೊತ್ತಿಗೆ ಬಂದರೆ ನನ್ನ ಕೈಯಲ್ಲಿ ಏನೂ ಉಳಿದಿರುವುದಿಲ್ಲ. ಮಧ್ಯಾಹ್ನದ ಬಿಡುವಿನಲ್ಲಿ ನನ್ನ ಕೊಠಡಿಯ ಬಾಗಿಲು ತೆರೆದಿರುತ್ತದೆ. ಒಬ್ಬರೇ ಬರಲು ಸಂಕೋಚವಾದರೆ ಗೆಳತಿಯನ್ನೋ ಗೆಳೆಯನನ್ನೋ ಕರೆದುಕೊಂಡು ಬನ್ನಿ.