ಎಲ್ಲೋರದ ಹಾದಿ: ನೋಡುವುದೂ ಉಳಿಸುವುದೂ

ಛತ್ರಪತಿ ಸಂಭಾಜಿನಗರದಿಂದ (2023ರವರೆಗೆ ಇದರ ಹೆಸರು ಔರಂಗಾಬಾದ್) ವಾಯವ್ಯಕ್ಕೆ ಹೊರಡುವ ಹಳೆಯ ಹೆದ್ದಾರಿಯಲ್ಲಿ, ದೇವನಾಗರಿ ಲಿಪಿಯಲ್ಲಿ ‘ಕನ್ನಡ’ ಎಂದು ಬರೆದ ಊರಿನ ಹೆಸರನ್ನು ಮೊದಲ ಬಾರಿ ಕಂಡ ಕನ್ನಡಿಗನಿಗೆ ಕ್ಷಣಕಾಲ ಪುಲಕವಾಗದಿರದು. ಅದು ಸುಮಾರು 60 ಕಿ.ಮೀ. ದೂರದ ಒಂದು ತಾಲ್ಲೂಕು ಕೇಂದ್ರ. ಆ ಹೆಸರಿನ ಮೂಲ ಏನೇ ಇರಲಿ, ಆ ಹಾದಿಯಲ್ಲಿ ನಮ್ಮ ನಾಡಿನ ಚರಿತ್ರೆಯ ಗುರುತುಗಳಿಗೆ ಮಾತ್ರ ಕೊರತೆಯಿಲ್ಲ.

1985ರಲ್ಲಿ ಬಜಾಜ್ ಆಟೋ ಕಾರ್ಖಾನೆ ಆರಂಭವಾದ ಮೇಲೆ ವಾಳೂಜ್ ಕೈಗಾರಿಕಾ ಕ್ಷೇತ್ರವಾಗಿ ಬೆಳೆಯಿತು. ಉದ್ಯೋಗವನ್ನರಸಿ ಬಂದವರಲ್ಲಿ ನಮ್ಮವರೂ ಇದ್ದಾರೆ. ರಜೆ ದೊರೆತೊಡನೆ ಊರಿಗೆ ಧಾವಿಸುವ ನಾವು, ಮನೆಯಿಂದ ಒಂದು ಗಂಟೆಯ ದೂರದಲ್ಲಿರುವ ಈ ಹಾದಿಯನ್ನು ನೆಂಟರು ಬಂದಾಗ ಮಾತ್ರ ನೆನೆಯುತ್ತೇವೆ. ಅದನ್ನೂ ಒಂದೇ ದಿನದಲ್ಲಿ ಓಡೋಡಿ ತೋರಿಸಿ ಕರ್ತವ್ಯ ಮುಗಿಯಿತೆಂದುಕೊಳ್ಳುತ್ತೇವೆ.

ಹಾದಿಯ ಉದ್ದಕ್ಕೂ

ನಗರದಿಂದ ಸುಮಾರು 15 ಕಿ.ಮೀ. ಸಾಗಿದರೆ ದೌಲತಾಬಾದ್. ಇದೇ ಸೇವುಣರ ದೇವಗಿರಿ. 12ನೆಯ ಶತಮಾನದ ಕೊನೆಯಲ್ಲಿ ಐದನೆಯ ಭಿಲ್ಲಮನು ಇದನ್ನು ರಾಜಧಾನಿಯಾಗಿಸಿದನು. ಈ ವಂಶದ ಅರಸರ ನೂರಾರು ಶಾಸನಗಳು ಕನ್ನಡದಲ್ಲಿವೆ. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿದ್ದೂ ಇಲ್ಲಿಯೇ. ಬಳಿಕ ಅದರ ರಾಜಧಾನಿ ನಮ್ಮ ಕಲಬುರಗಿಗೂ ಅನಂತರ ಬೀದರಿಗೂ ಹೋಯಿತು. ಕೋಟೆಯೊಳಗಿನ ಚಾಂದ್ ಮಿನಾರ್ 15ನೆಯ ಶತಮಾನದ ಬಹಮನಿಗಳ ಕಟ್ಟಡ.

ಮುಂದೆ ಘಾಟಿಯನ್ನೇರಿದರೆ ಖುಲ್ದಾಬಾದ್. ಮಲಗಿದ ಭಂಗಿಯ ಭದ್ರಾ ಮಾರುತಿಯೂ, ಸೂಫಿ ಸಂತರ ದರ್ಗಾಗಳೂ, 1610ರಲ್ಲಿ ಈ ನಗರಕ್ಕೆ ಬುನಾದಿ ಹಾಕಿದ ಮಲಿಕ್ ಅಂಬರನ ಗೋರಿಯೂ ಇಲ್ಲಿವೆ. ನಗರಕ್ಕೆ ದೂರದಿಂದ ನೀರು ತರಲು ನೆಲದಡಿಯ ನಾಲೆಗಳನ್ನು ತೋಡಿಸಿದವನು ಅವನೇ.

ಅಲ್ಲಿಂದ ಘಾಟಿಯಿಳಿದರೆ ವೇರೂಳ್, ಅಂದರೆ ಎಲ್ಲೋರ. ಇಲ್ಲಿನ 34 ಗುಹೆಗಳಲ್ಲಿ 12 ಬೌದ್ಧ, 17 ಹಿಂದೂ, 5 ಜೈನ. 15ನೆಯ ಗುಹೆಯಲ್ಲಿ ರಾಷ್ಟ್ರಕೂಟ ದಂತಿದುರ್ಗನ ಶಾಸನವಿದೆ. 16ನೆಯದೇ 8ನೆಯ ಶತಮಾನದ ಕೈಲಾಸ. ಅವನ ಚಿಕ್ಕಪ್ಪ ಒಂದನೆಯ ಕೃಷ್ಣನ ಕೀರ್ತಿ. ಇದನ್ನು ಕಟ್ಟಲಿಲ್ಲ, ಬೆಟ್ಟವನ್ನು ಮೇಲಿನಿಂದ ಕೆಳಕ್ಕೆ ಕಡಿಯುತ್ತ ಬಂದರು. ಶಿಖರ ಮೊದಲು, ಪೀಠ ಕೊನೆಗೆ. ಒಮ್ಮೆ ಕಡಿದ ಕಲ್ಲನ್ನು ಮರಳಿ ಸೇರಿಸುವಂತಿಲ್ಲ. ಇದನ್ನು ಮಾಡಿದ ಶಿಲ್ಪಿಯೇ ‘ಇದನ್ನು ನಾನು ಹೇಗೆ ಮಾಡಿದೆ’ ಎಂದು ಬೆರಗಾದನೆಂದು ಬರೋಡದ ತಾಮ್ರಶಾಸನವೊಂದು ಹೇಳುತ್ತದೆ. ಈ ಅರಸರ ರಾಜಧಾನಿಯಾಗಿದ್ದ ಮಾನ್ಯಖೇಟ, ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಅದೇ ವಂಶದ ನೃಪತುಂಗನ ಕಾಲದ ‘ಕವಿರಾಜಮಾರ್ಗ’ವು ಕನ್ನಡ ನಾಡನ್ನು ಕಾವೇರಿಯಿಂದ ಗೋದಾವರಿಯವರೆಗೆ ಎಂದು ಗುರುತಿಸಿದೆ. ಬೀಡ್ ಮಾರ್ಗವಾಗಿ ಬರುವಾಗ ನಾವು ದಾಟುವ ನದಿ ಅದೇ ಗೋದಾವರಿ. ನಾವು ಬಂದಿರುವುದು ಪರದೇಶಕ್ಕಲ್ಲ, ಹಳೆಯ ನೆರೆಮನೆಗೆ.

ಅಳಿಯುತ್ತಿರುವುದು ಯಾವುದು?

ಎಲ್ಲೋರ 1983ರಿಂದ ವಿಶ್ವ ಪರಂಪರೆಯ ತಾಣ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರಿನೊಳಗೆ ಹೊಸ ಕಟ್ಟಡ ನಿಷಿದ್ಧ. ಅದರಾಚೆಯ 200 ಮೀಟರಿಗೂ ನಿರ್ಬಂಧವುಂಟು. ಸ್ಮಾರಕವನ್ನು ಕೆಡಿಸಿದವರಿಗೆ ಎರಡು ವರ್ಷಗಳವರೆಗೆ ಸೆರೆವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡನ್ನೂ ವಿಧಿಸಬಹುದು.

ಆದರೆ ಹಾದಿ ಎಂದರೆ ದೊಡ್ಡ ಸ್ಮಾರಕಗಳಷ್ಟೇ ಅಲ್ಲ. ಆಲದ ಸಾಲುಮರ, ಮೆಟ್ಟಿಲ ಬಾವಿ, ಹೆಸರಿಲ್ಲದ ಗೋರಿ, ಹಳೆಯ ಕಟ್ಟೆ, ಇವುಗಳಲ್ಲಿ ಬಹುಪಾಲಿಗೆ ಯಾವ ಪಟ್ಟಿಯಲ್ಲಿಯೂ ಸ್ಥಾನವಿಲ್ಲ. ರಸ್ತೆ ಅಗಲವಾದಾಗ ಮೊದಲು ಬಲಿಯಾಗುವವು ಇವೇ. ಮಕ್ಕಳು ಚಿಕ್ಕವರಿದ್ದಾಗ ನಾವು ಪ್ರತಿ ಸಲವೂ ಒಂದೇ ಆಲದ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದೆವು. ಇತ್ತೀಚೆಗೆ ಹೋದಾಗ ಅಲ್ಲಿ ಮರವಿರಲಿಲ್ಲ, ಬುಡದ ಗುರುತೂ ಇರಲಿಲ್ಲ. ಮಗಳು ‘ಇಲ್ಲೇ ಅಲ್ಲವೇ ಅಪ್ಪ?’ ಎಂದಳು. ಖಚಿತವಾಗಿ ಹೇಳಲು ನನ್ನಿಂದಾಗಲಿಲ್ಲ. ಒಂದು ಛಾಯಾಚಿತ್ರವನ್ನಾದರೂ ತೆಗೆದಿರಬೇಕಿತ್ತು.

ನಾವು ಮಾಡಬಹುದಾದುದು ಕಷ್ಟದ್ದೇನಲ್ಲ. ಕೆತ್ತನೆಗಳನ್ನು ಮುಟ್ಟದಿರುವುದು, ಏಕೆಂದರೆ ಕೈಯ ಬೆವರು, ಜಿಡ್ಡುಗಳಿಂದ ಕಲ್ಲು ಕಪ್ಪಾಗುತ್ತದೆ. ಚಿತ್ರಗಳಿರುವಲ್ಲಿ ಫ್ಲ್ಯಾಶ್ ಬಳಸದಿರುವುದು. ಎಲ್ಲೋರದ ಗಾರೆಯಲ್ಲಿ ಬೆರೆಸಿದ ಭಂಗಿಯ ನಾರು ಅದನ್ನು ಕೀಟಗಳಿಂದ ಕಾಪಾಡಿತೆಂದು 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ತಿಳಿಸಿದೆ. ಅಂದಿನವರು ಅಷ್ಟು ಮುಂದಾಲೋಚಿಸಿ ಉಳಿಸಿದ್ದನ್ನು ನಾವು ಅಜಾಗ್ರತೆಯಿಂದ ಕಳೆಯಬಾರದು. ಪಟ್ಟಿಗೆ ಸೇರದ ಬಾವಿ, ಮರಗಳ ಚಿತ್ರ ತೆಗೆದು, ಸ್ಥಳ ಮತ್ತು ದಿನಾಂಕ ಬರೆದು, ಗ್ರಾಮ ಪಂಚಾಯಿತಿಗೂ ಪುರಾತತ್ವ ಇಲಾಖೆಗೂ ತಿಳಿಸುವುದು. ಸ್ಥಳೀಯ ಮರಾಠಿ ಹಿರಿಯರ ಬಾಯಿಂದ ಅವುಗಳ ಕಥೆ ಕೇಳಿ ಬರೆದಿಡುವುದು.

ಯಾತ್ರಿಕರ ಆರೋಗ್ಯ

ಚಳಿಗಾಲವೇ ಪ್ರಶಸ್ತ. ಬೇಸಿಗೆಯಲ್ಲಿ ಇಲ್ಲಿನ ಉಷ್ಣತೆ 40 ಡಿಗ್ರಿ ಸೆಲ್ಸಿಯಸನ್ನು ಮೀರುತ್ತದೆ. ಬೆಳಗಿನ ಹೊತ್ತಿನಲ್ಲಿ ಹತ್ತಿ, ಬಿಸಿಲೇರುವ ಮುನ್ನ ಇಳಿಯಬೇಕು. ಬಾಯಾರುವುದಕ್ಕೆ ಕಾಯದೆ ಆಗಾಗ ನೀರು ಕುಡಿಯಬೇಕು. ದೇವಗಿರಿಯ ಗುಡ್ಡ ಸುಮಾರು 200 ಮೀಟರ್ ಎತ್ತರ. ಹೃದ್ರೋಗಿಗಳು, ಮಂಡಿನೋವಿನವರು ಬುಡದಿಂದಲೇ ನೋಡಿ ತೃಪ್ತರಾಗುವುದು ಲೇಸು. ಹತ್ತುವಾಗ ಎದೆ ಬಿಗಿದರೆ, ತಲೆ ಸುತ್ತಿದರೆ ಕೂಡಲೇ ಕುಳಿತು ನೆರವು ಕೇಳಬೇಕು. ಬಾವಲಿಗಳಿರುವ ಕತ್ತಲ ಸುರಂಗವು ಉಬ್ಬಸದವರಿಗೆ ಹಿತವಲ್ಲ. ಪ್ರವಾಸದ ದಿನವೆಂದು ರಕ್ತದೊತ್ತಡದ ಮಾತ್ರೆಯನ್ನು ಬಿಡಬಾರದು. ಎಲ್ಲೋರಕ್ಕೆ ಮಂಗಳವಾರ ರಜೆ ಎಂಬುದೂ ನೆನಪಿರಲಿ.

ಒಂದೇ ದಿನದಲ್ಲಿ ಎಲ್ಲವನ್ನೂ ನೋಡುವ ಆತುರ ದೇಹಕ್ಕೂ ಒಳ್ಳೆಯದಲ್ಲ, ಹಾದಿಗೂ ಒಳ್ಳೆಯದಲ್ಲ. ಒಂದು ಭಾನುವಾರ ಒಂದೇ ಸ್ಥಳವನ್ನು ಆರಿಸಿಕೊಂಡು ಮಕ್ಕಳೊಡನೆ ನಿಧಾನವಾಗಿ ನಡೆಯಿರಿ. ದಾರಿಯಲ್ಲಿ ಒಳ್ಳೆಯ ಆಲದ ಮರ ಕಂಡರೆ ಬುತ್ತಿ ಬಿಚ್ಚಿರಿ; ಎಲೆ, ಕಾಗದಗಳನ್ನು ಮರಳಿ ತನ್ನಿರಿ; ಮರದ ಚಿತ್ರವೊಂದನ್ನು ತೆಗೆದಿಡಲು ಮರೆಯದಿರಿ.