ಎಂಜಿನಿಗೂ ಒಂದು ಬಾಲಾಲಯ

ದೇವಾಲಯಗಳ ಜೀರ್ಣೋದ್ಧಾರವನ್ನು ಕಂಡವರಿಗೆ ಬಾಲಾಲಯವೆಂಬುದು ಅಪರಿಚಿತವಲ್ಲ. ಗರ್ಭಗೃಹದ ಕಲ್ಲು ಸಡಿಲಗೊಂಡು ಬಿಚ್ಚಿ ಕಟ್ಟಬೇಕಾದ ಕಾಲ ಒದಗಿದಾಗ, ದೇವರ ಸಾನ್ನಿಧ್ಯವನ್ನು ತತ್ಕಾಲಕ್ಕೆ ಚಿಕ್ಕದೊಂದು ಆಲಯದಲ್ಲಿ ನೆಲೆಗೊಳಿಸಿ, ನಿತ್ಯಪೂಜೆಗೆ ಲೋಪವಿಲ್ಲದಂತೆ ನಡೆಸಿ, ಕೆಲಸ ಪೂರೈಸಿದ ಮೇಲೆ ಮೂಲಸ್ಥಾನಕ್ಕೆ ಮರಳಿಸುವುದು ವಾಡಿಕೆ. ಹಳೆಯ ಮೋಟಾರುಗಳನ್ನು ಉದ್ಧರಿಸುವ ಅಮೆರಿಕದ ಕುಶಲಕರ್ಮಿಗಳಲ್ಲಿಯೂ ಇದಕ್ಕೆ ಸದೃಶವಾದ ಪದ್ಧತಿಯೊಂದುಂಟು. ವ್ಯತ್ಯಾಸವೆಂದರೆ, ಅಲ್ಲಿ ಆಲಯವು ಇದ್ದಲ್ಲಿಯೇ ಇರುತ್ತದೆ, ದುರಸ್ತಿಗೆ ಹೊರಡುವುದು ಒಳಗಿನ ಮೂರ್ತಿ; ಅದು ಹಿಂದಿರುಗುವವರೆಗೆ ಆ ಪೀಠದ ಮೇಲೆ ಈ ಕಾಲದ ಎಂಜಿನೊಂದು ಕುಳಿತು ಕಾರನ್ನು ಓಡಿಸುತ್ತಿರುತ್ತದೆ.

ಈ ಪದ್ಧತಿಗೆ ಹೆಚ್ಚಾಗಿ ಒಳಗಾಗುವುದು ಮಸಲ್ ಕಾರ್ ಎಂದು ಹೆಸರಾದ ವಾಹನಜಾತಿ. ಮಧ್ಯಮ ಗಾತ್ರದ ಸಾಧಾರಣ ಒಡಲಿನೊಳಗೆ, ದೊಡ್ಡ ಕಾರಿಗೆಂದು ಮಾಡಿದ ಎಂಟು ಸಿಲಿಂಡರಿನ ಎಂಜಿನನ್ನು ಕೂರಿಸಿಬಿಡುವುದೇ ಅದರ ಲಕ್ಷಣ. 1964ರ ಪಾಂಟಿಯಾಕ್ ಜಿಟಿಓ ಈ ವಂಶದ ಮೂಲಪುರುಷನೆಂಬುದು ಬಹುಜನರ ಅಭಿಪ್ರಾಯ. ಮಧ್ಯಮ ಗಾತ್ರದ ಕಾರುಗಳಿಗೆ 330 ಘನ ಅಂಗುಲವನ್ನು ಮೀರಿದ ಎಂಜಿನ್ ಕೂಡದೆಂದು ಪಾಂಟಿಯಾಕಿನ ಮಾತೃಸಂಸ್ಥೆಯಾದ ಜನರಲ್ ಮೋಟಾರ್ಸ್ ತಾನೇ ಕಟ್ಟಳೆ ಮಾಡಿದ್ದ ಕಾಲವದು. ಆದರೆ ಪಾಂಟಿಯಾಕಿನ 326 ಘನ ಅಂಗುಲದ ಎಂಜಿನೂ 389 ಘನ ಅಂಗುಲದ, ಎಂದರೆ ಸುಮಾರು 6.4 ಲೀಟರಿನ, ಎಂಜಿನೂ ಹೊರ ಅಳತೆಯಲ್ಲಿ ಒಂದೇ ಆಗಿದ್ದು, ಒಂದು ಕೂರುವ ಆಧಾರಗಳ ಮೇಲೆ ಇನ್ನೊಂದು ನಿರಾಯಾಸವಾಗಿ ಕೂರುವುದೆಂಬ ಸಂಗತಿ ಬಿಲ್ ಕಾಲಿನ್ಸ್ ಎಂಬ ಎಂಜಿನಿಯರಿಗೆ ಹೊಳೆಯಿತು. ಅವರ ಮೇಲಧಿಕಾರಿಯಾಗಿದ್ದ ಜಾನ್ ಡೆಲೋರಿಯನ್ ಅದನ್ನು ಕೈಬಿಡಲಿಲ್ಲ. ಹೊಸ ಕಾರೆಂದು ಘೋಷಿಸಿದರೆ ಮೇಲಿನವರ ಅಪ್ಪಣೆ ಬೇಕು; ಇದ್ದ ಕಾರಿಗೆ ಹೆಚ್ಚಿನ ಸಲಕರಣೆಯೆಂದರೆ ಬೇಡ. ಆದುದರಿಂದ ಟೆಂಪೆಸ್ಟ್ ಲೆಮಾನ್ಸ್ ಎಂಬ ಸೌಮ್ಯವಾದ ಕಾರಿಗೆ 295 ಡಾಲರಿನ ಐಚ್ಛಿಕ ಸಲಕರಣೆಯಾಗಿ ಜಿಟಿಓ ಅವತರಿಸಿತು. ಐದು ಸಾವಿರ ಮಾರಿದರೆ ಸಾಕೆಂದುಕೊಂಡಿದ್ದರು. ಮೊದಲ ವರ್ಷವೇ 32,450 ಮಾರಿದುವು.

ಇದರಲ್ಲಿ ಇನ್ನೊಂದು ಸ್ವಾರಸ್ಯವಿದೆ. 1964ರ ಮಾರ್ಚಿನಲ್ಲಿ 'ಕಾರ್ ಅಂಡ್ ಡ್ರೈವರ್' ಪತ್ರಿಕೆ ಈ ಜಿಟಿಓವನ್ನು ಅದೇ ಹೆಸರಿನ ಫೆರಾರಿಯೊಡನೆ ಹೋಲಿಸಿ ಬರೆದ ಲೇಖನ ಪಾಂಟಿಯಾಕಿನ ಕೀರ್ತಿಯನ್ನು ದೇಶಾದ್ಯಂತ ಹರಡಿತು. ಪರೀಕ್ಷೆಗೆ ಕೊಟ್ಟ ಕಾರಿನಲ್ಲಿ 389ರ ಬದಲು 421 ಘನ ಅಂಗುಲದ ಎಂಜಿನನ್ನು ಗುಟ್ಟಾಗಿ ಇರಿಸಲಾಗಿತ್ತೆಂದು, ಆಗ ಪಾಂಟಿಯಾಕಿನ ಪ್ರಚಾರದ ಹೊಣೆ ಹೊತ್ತಿದ್ದ ಜಿಮ್ ವ್ಯಾಂಗರ್ಸ್ ದಶಕಗಳ ತರುವಾಯ ಒಪ್ಪಿಕೊಂಡರು. ಎಂಜಿನ್ ಬದಲಾವಣೆಯೆಂದರೆ ಮೂಗು ಮುರಿಯುವ ಮಡಿವಂತರು ಈ ವಂಶದ ಜಾತಕವನ್ನು ಒಮ್ಮೆ ತೆರೆದು ನೋಡುವುದೊಳ್ಳೆಯದು.

ಹಾಗಿದ್ದೂ ಮೂಲ ಎಂಜಿನಿಗೆ ಇಂದು ಅಪಾರವಾದ ಬೆಲೆ. 1968ರ ಮಾದರಿಯಿಂದೀಚೆಗೆ ಕಾರಿನ ಗುರುತಿನ ಸಂಖ್ಯೆಯ ಒಂದಂಶವನ್ನು ಎಂಜಿನ್ ಬ್ಲಾಕಿನ ಮೇಲೆಯೂ ಅಚ್ಚೊತ್ತುತ್ತಿದ್ದರು. ಒಡಲಿನ ಅಂಕವೂ ಬ್ಲಾಕಿನ ಅಂಕವೂ ತಾಳೆಯಾದರೆ ಕಾರು ಹುಟ್ಟಿದ ಎಂಜಿನನ್ನೇ ಹೊತ್ತಿದೆಯೆಂದು ಅರ್ಥ, ಆಗದಿದ್ದರೆ ಕ್ರಯ ಗಣನೀಯವಾಗಿ ಇಳಿಯುತ್ತದೆ. ಇಂತಹ ಎಂಜಿನನ್ನು ಬಿಚ್ಚಿ ಹಸನುಗೊಳಿಸುವ ಕೆಲಸ ಅವಸರದವರದಲ್ಲ. ಬ್ಲಾಕನ್ನು ಕ್ಷಾರದ್ರಾವಣದಲ್ಲಿ ತೊಳೆಯಬೇಕು. ಕಣ್ಣಿಗೆ ಕಾಣದ ಬಿರುಕುಗಳನ್ನು ಅಯಸ್ಕಾಂತದ ಪರೀಕ್ಷೆಯಿಂದ ಹುಡುಕಬೇಕು. ಸವೆದ ಸಿಲಿಂಡರುಗಳನ್ನು ಒಂದು ಅಂಗುಲದ ಸಾವಿರದಲ್ಲಿ ಮೂವತ್ತು ಭಾಗದಷ್ಟು ಬೋರ್ ಮಾಡಿ, ಅಳತೆಗೊಪ್ಪುವ ಪಿಸ್ಟನ್ನುಗಳನ್ನು ತರಿಸಬೇಕು. ಕ್ರ್ಯಾಂಕ್‌ಶಾಫ್ಟನ್ನು ಉಜ್ಜಿ ಸಮತೂಗಿಸಬೇಕು. ಅಮೆರಿಕದ ರಸ್ತೆಗಳಲ್ಲಿ ಸೀಸದ ಪೆಟ್ರೋಲು 1996ರಿಂದ ನಿಷಿದ್ಧವಾದುದರಿಂದ, ಆ ಸೀಸದ ಆಶ್ರಯದಲ್ಲಿದ್ದ ಮೆದು ವಾಲ್ವ್ ಸೀಟುಗಳ ಸ್ಥಾನದಲ್ಲಿ ಗಟ್ಟಿ ಉಕ್ಕಿನವನ್ನು ಹುದುಗಿಸಬೇಕು. ಇವೆಲ್ಲಕ್ಕಿಂತಲೂ ನವುರಾದ ಸಂಗತಿಯೊಂದಿದೆ. ಶೆವ್ರೋಲೆ ವಿ-8ಗಳಲ್ಲಿ ಆ ಅಮೂಲ್ಯವಾದ ಅಂಕಗಳಿರುವುದು ಸಿಲಿಂಡರ್ ಹೆಡ್ ಕೂರುವ ಸಮತಲದ ಮುಂದಿನ ಅಂಚಿನಲ್ಲಿ. ಆ ಸಮತಲವನ್ನು ನೇರ್ಪಡಿಸಲೆಂದು ಅಜಾಗರೂಕನಾದ ಕೆಲಸಗಾರನು ಯಂತ್ರವನ್ನು ಒಂದು ಸಲ ಹಾಯಿಸಿದನೆಂದರೆ, ಕಾರಿನ ವಂಶಾವಳಿಯೇ ಲೋಹದ ಪುಡಿಯಾಗಿ ನೆಲಕ್ಕುದುರುತ್ತದೆ. ಪಾಂಟಿಯಾಕಿನವರು ಬ್ಲಾಕಿನ ಮುಂಭಾಗದಲ್ಲಿ, ಹೆಡ್ಡಿನ ಕೆಳಗೆ ಅಂಕಿಗಳನ್ನೊತ್ತಿದುದರಿಂದ ಅವರ ಎಂಜಿನುಗಳಿಗೆ ಈ ಭಯ ಕಡಿಮೆ.

ಒಳ್ಳೆಯ ಯಂತ್ರಶಾಲೆಗಳಲ್ಲಿ ಸರದಿಯೇ ತಿಂಗಳುಗಟ್ಟಲೆ ಇರುವುದುಂಟು. ಅಷ್ಟು ಕಾಲ ಕಾರು ಕದಲದೆ ನಿಂತರೆ ಅದಕ್ಕೂ ಕೇಡು: ಚಕ್ರದ ಟೈರುಗಳು ಒಂದೇ ಬದಿಗೆ ಚಪ್ಪಟೆಯಾಗುತ್ತವೆ, ಬ್ರೇಕಿನ ರಬ್ಬರುಗಳು ಒಣಗುತ್ತವೆ, ಟ್ಯಾಂಕಿನ ಪೆಟ್ರೋಲು ಅಂಟಾಗುತ್ತದೆ. ಹೊಸದಾಗಿ ಕಟ್ಟಿದ ಸಸ್ಪೆನ್ಷನ್, ಬ್ರೇಕುಗಳ ಗುಣದೋಷಗಳು ಓಡಿಸದೆ ತಿಳಿಯುವುದೂ ಇಲ್ಲ. ತಾತ್ಕಾಲಿಕ ಎಂಜಿನಿನ ಯೋಚನೆ ಹುಟ್ಟಿದ್ದು ಇಲ್ಲಿ. ಆ ಸ್ಥಾನಕ್ಕೆ ಹೆಚ್ಚಿನವರು ಆರಿಸುವುದು ಜನರಲ್ ಮೋಟಾರ್ಸಿನ ಎಲ್‌ಎಸ್ ಎಂಜಿನುಗಳನ್ನು. 1997ರ ಕಾರ್ವೆಟ್ಟಿನಲ್ಲಿ ಮೊದಲು ಕಾಣಿಸಿಕೊಂಡ, 5.7 ಲೀಟರಿನ ಅಲ್ಯೂಮಿನಿಯಂ ಬ್ಲಾಕಿನ ಈ ವಂಶ, ಸಿಲಿಂಡರಿನಿಂದ ಸಿಲಿಂಡರಿಗೆ 4.4 ಅಂಗುಲವೆಂಬ 1955ರ ಶೆವ್ರೋಲೆ ಅಳತೆಯನ್ನು ಇಂದಿಗೂ ಬಿಟ್ಟಿಲ್ಲ. ಅದರ ಬೀಡುಕಬ್ಬಿಣದ 5.3 ಲೀಟರಿನ ಸೋದರ ಲಕ್ಷಾಂತರ ಪಿಕಪ್ ಟ್ರಕ್ಕುಗಳಲ್ಲಿ ದುಡಿದು, ಅಪಘಾತಕ್ಕೀಡಾದ ಬಂಡಿಗಳೊಡನೆ ಗುಜರಿಗೆ ಬಂದು ಬಿದ್ದಿರುತ್ತದೆ. ಅಗ್ಗ, ಬಲಿಷ್ಠ, ಎಲ್ಲೆಡೆಯೂ ದೊರೆಯುವಂಥದು. ಕ್ಯಾಮ್‌ಶಾಫ್ಟು ಬ್ಲಾಕಿನೊಳಗೇ ಇರುವುದರಿಂದ ಅದರ ಮೈ ಕಿರಿದು, ಹಳೆಯ ಕಾರಿನ ಬಾನೆಟ್ಟಿನಡಿ ಸುಲಭವಾಗಿ ಹಿಡಿಯುತ್ತದೆ. 1966ರ ಜಿಟಿಓಗೆ 335 ಅಶ್ವಶಕ್ತಿ, ಟ್ರಕ್ಕಿನ ಎಂಜಿನಿಗೆ ಮುನ್ನೂರರ ಒಳಗೆ ಎಂದು ಯಾರಾದರೂ ಮರುಗಿದರೆ ಅವರಿಗೆ ಹೇಳಬೇಕಾದುದಿಷ್ಟು: ಅಮೆರಿಕದ ತಯಾರಕರು 1972ರ ಮಾದರಿಯಿಂದ ಫ್ಯಾನು, ಸೈಲೆನ್ಸರು ಮುಂತಾದ ಹೊರೆಗಳನ್ನು ಸೇರಿಸಿ ಶಕ್ತಿಯನ್ನಳೆಯತೊಡಗಿದರು, ಹಿಂದಿನ ಅಂಕಿಗಳು ಅವುಗಳನ್ನು ಕಳಚಿಟ್ಟು ಅಳೆದುವು.

ಕೌಶಲದ ಮರ್ಮವಿರುವುದು ಕೂರಿಸುವುದರಲ್ಲಲ್ಲ, ಗುರುತುಳಿಯದಂತೆ ಮರಳಿ ತೆಗೆಯುವುದರಲ್ಲಿ. ನಿಷ್ಠೆಯುಳ್ಳ ಕುಶಲಕರ್ಮಿಯು ಚಾಸಿಗೆ ಹೊಸ ರಂಧ್ರ ಕೊರೆಯುವುದಿಲ್ಲ, ತಗಡನ್ನು ಕತ್ತರಿಸುವುದಿಲ್ಲ. ಕಾರ್ಖಾನೆಯವರು ಬಿಟ್ಟ ರಂಧ್ರಗಳಿಗೇ ಉಕ್ಕಿನ ಅಡ್ಡಫಲಕಗಳನ್ನು ಬಿಗಿದು, ಹೊಸ ಎಂಜಿನನ್ನು ಅವುಗಳ ಮೇಲೆ ಇಳಿಸುತ್ತಾನೆ. ಎಣ್ಣೆಯ ತಟ್ಟೆ ಮುಂದಿನ ಅಡ್ಡತೊಲೆಗೆ ತಾಗಿದರೆ ತಟ್ಟೆಯನ್ನು ಬದಲಿಸುತ್ತಾನೆಯೇ ವಿನಾ ತೊಲೆಯನ್ನಲ್ಲ. ಕಾರ್ಬ್ಯುರೇಟರಿಗೆ ಚದರ ಅಂಗುಲಕ್ಕೆ ಐದಾರು ಪೌಂಡಿನ ಒತ್ತಡ ಸಾಕಾಗಿತ್ತು. ಇಂಧನವನ್ನು ಚಿಮುಕಿಸುವ ಹೊಸ ಎಂಜಿನಿಗೆ ಸುಮಾರು 58 ಪೌಂಡು ಬೇಕು. ಅದಕ್ಕಾಗಿ ಹಳೆಯ ಟ್ಯಾಂಕನ್ನು ತೂತುಮಾಡದೆ ಪಂಪು ಒಳಗೊಂಡ ಬೇರೊಂದು ಟ್ಯಾಂಕನ್ನು ತೂಗುಹಾಕಿ, ಮೂಲದ್ದನ್ನು ಒಣಗಿಸಿ ಎತ್ತಿಡುತ್ತಾರೆ. ವೈರುಗಳ ಜಡೆಯನ್ನು ಹಳೆಯ ದ್ವಾರಗಳಲ್ಲಿಯೇ ಒಳಕ್ಕೆ ತರಬೇಕು. ನಿಯಂತ್ರಕ ಗಣಕದಲ್ಲಿ ಕಳ್ಳತನ ತಡೆಯುವ ವ್ಯವಸ್ಥೆಯನ್ನು ಮುಂಚಿತವಾಗಿ ಅಳಿಸದೆ ಹೋದರೆ, ಅದು ತನ್ನ ಹಳೆಯ ಟ್ರಕ್ಕಿನ ಕೀಲಿಯನ್ನೇ ಅರಸಿ, ಎಂಜಿನು ಹತ್ತಿದ ಕ್ಷಣದಲ್ಲೇ ಆರುವಂತೆ ಮಾಡುತ್ತದೆ. ಪಾಂಟಿಯಾಕಿನ ಮನ್ಸಿ ಗೇರ್‌ಬಾಕ್ಸನ್ನು ಮಾತ್ರ ಉಳಿಸಿಕೊಳ್ಳಬಹುದು. ಎಂಜಿನಿಗೂ ಅದಕ್ಕೂ ನಡುವಣ ಬೆಲ್‌ಹೌಸಿಂಗನ್ನು ಶೆವ್ರೋಲೆಯದಕ್ಕೆ ಬದಲಿಸಿದರಾಯಿತು. ಕಳಚಿದ ಒಂದೊಂದು ಬೋಲ್ಟೂ ಹೆಸರು ಬರೆದ ಚೀಲದಲ್ಲಿರಬೇಕು, ಕಳಚುವ ಮುನ್ನ ಅದರ ಛಾಯಾಚಿತ್ರವಿರಬೇಕು.

ಚಾರಿತ್ರಿಕ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ಫೀವಾ 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದೂ ಇದೇ ದಿಕ್ಕಿನಲ್ಲಿ ಮಾತನಾಡುತ್ತದೆ; ತೆಗೆದ ಮೂಲಭಾಗಗಳು ವಾಹನದೊಡನೆಯೇ ಉಳಿಯಲೆಂಬುದು ಅದರ ಆಶಯ. ಆದರೆ ಸನ್ನದಿಗೆ ಮಾನವಸ್ವಭಾವವನ್ನು ಕಟ್ಟಿಹಾಕುವ ಬಲವೆಲ್ಲಿಯದು? ಹೊಸ ಎಂಜಿನು ಮಂಜಿನ ಬೆಳಗಿನಲ್ಲಿಯೂ ಒಂದೇ ತಿರುವಿಗೆ ಹತ್ತುತ್ತದೆ, ಕಡಿಮೆ ಕುಡಿಯುತ್ತದೆ, ಬಿಸಿಲಿನ ಸಾಲಿನಲ್ಲಿ ನಿಂತರೂ ಕುದಿಯುವುದಿಲ್ಲ. ತಾತ್ಕಾಲಿಕವೆಂದು ಬಂದ ಅತಿಥಿ ವರ್ಷಗಟ್ಟಲೆ ಮನೆಯೊಡೆಯನಂತೆ ಉಳಿದು, ಮೂಲದ ಎಂಜಿನು ಗ್ಯಾರೇಜಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದ್ದು ಕೂರುವ ಪ್ರಸಂಗಗಳಿಗೆ ಲೆಕ್ಕವಿಲ್ಲ. ನಾನು ಇದನ್ನು ಪಾಪವೆನ್ನಲಾರೆ. ಸಿಲಿಂಡರುಗಳಲ್ಲಿ ಎಣ್ಣೆ ಸಿಂಪಡಿಸಿ, ಆಗಾಗ ಕೈಯಿಂದ ತಿರುಗಿಸಿ ಜೋಪಾನಮಾಡಿದ ಎಂಜಿನು ಕಾಯಬಲ್ಲುದು. ಆದರೆ ತಗಡು ಕತ್ತರಿಸಿ, ಮೂಲವನ್ನು ಮಾರಿ, ಆಮೇಲೆ ಅದನ್ನು ಜೀರ್ಣೋದ್ಧಾರವೆಂದು ಕರೆಯುವವರ ಬಗೆಗೆ ನನಗೆ ಅಷ್ಟು ಔದಾರ್ಯವಿಲ್ಲ.

ಮೂಲ ಎಂಜಿನು ಮರಳಿ ಬಂದ ದಿನ ಅದನ್ನು ಸುಮ್ಮನೆ ಓಡಿಸಹೊರಡುವಂತಿಲ್ಲ. ಹಳೆಯ ಮಾದರಿಯ ಕ್ಯಾಮ್‌ಶಾಫ್ಟಿನ ಉಬ್ಬುಗಳೂ ಅವುಗಳ ಮೇಲೆ ಜಾರುವ ಚಪ್ಪಟೆ ಟ್ಯಾಪೆಟ್ಟುಗಳೂ ಪರಸ್ಪರ ಹೊಂದಿಕೊಳ್ಳಬೇಕು. ಅದಕ್ಕಾಗಿ ಸತುವು, ರಂಜಕಗಳು ಬೆರೆತ ಎಣ್ಣೆ ತುಂಬಿ, ಹತ್ತಿದ ಕೂಡಲೇ ನಿಮಿಷಕ್ಕೆ ಎರಡು ಸಾವಿರ ಸುತ್ತಿಗೇರಿಸಿ, ಸುಮಾರು ಇಪ್ಪತ್ತು ನಿಮಿಷ ಇಳಿಸದೆ ಓಡಿಸುತ್ತಾರೆ. ಆ ಹೊತ್ತಿನಲ್ಲಿ ಒಬ್ಬ ಎಣ್ಣೆಯ ಒತ್ತಡದ ಮುಳ್ಳನ್ನು, ಇನ್ನೊಬ್ಬ ಸೋರಿಕೆಯನ್ನು ನೋಡುತ್ತಿರುತ್ತಾನೆ. ಟ್ರಕ್ಕಿನ ಎಂಜಿನಿಗೆ ಆಗಲೇ ಬೇರೊಂದು ಕಾರು ಗೊತ್ತಾಗಿರುತ್ತದೆ. ಅಡ್ಡಫಲಕಗಳೂ ವೈರುಗಳ ಜಡೆಯೂ ಅದರ ಜೊತೆಗೇ ಹೋಗುತ್ತವೆ.